ಬಿಸಿಯಲ್ಲಿ ಟ್ಯಾಪೆಟ್ ಮುಟ್ಟಬೇಡಿ

ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವಷ್ಟರಲ್ಲಿ ನಿಮ್ಮ ಫೋಕ್ಸ್‌ವ್ಯಾಗನ್ 1600 ಏರ್‌ಕೂಲ್ಡ್ ವ್ಯಾನ್ ಟಿಕ್ ಟಿಕ್ ಅನ್ನುತ್ತಿದೆ, ಅಲ್ಲೇ ನಿಲ್ಲಿಸಿ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್, ಸೆಟ್ ಮಾಡಬಹುದೇ ಅಂತ ಕೇಳಿದ್ದೀರಿ. ಬೇಡ ಸರ್. ರಾತ್ರಿಯಿಡೀ ತಣ್ಣಗಾಗಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೈ ಹಾಕಿ. ನಮ್ಮೂರಲ್ಲಿ ಸಮತಟ್ಟು ಜಾಗವೇ ಕಷ್ಟ. ಕಾಫಿ ಒಣಗಿಸುವ ಕಣ ಖಾಲಿಯಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನ್ಯೂಟ್ರಲ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರ್ ಅಂಚಿನ ಗೆರೆಗೆ ಬರುವಂತೆ ಕ್ರ್ಯಾಂಕ್ ಪುಲ್ಲಿ ತಿರುಗಿಸಿ. ಈಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುತ್ತವೆ. ಗ್ಯಾಪ್ 0.15 ಮಿಲಿಮೀಟರ್, ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಸ್ವಲ್ಪ ಹಿಡಿದು ಹಿಡಿದು ಜಾರಬೇಕು. 13ರ ಸ್ಪ್ಯಾನರಿನಲ್ಲಿ ಲಾಕ್‌ನಟ್ ಬಿಗಿ ಮಾಡುವಾಗ ಗ್ಯಾಪ್ ಹೊಂದಿಸುವ ಸ್ಕ್ರೂ ಕೂಡ ಜೊತೆಗೆ ತಿರುಗಿಬಿಡುತ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ನಾನು ಮೊದಲ ಸಲ ಇದನ್ನು ಬಿಟ್ಟು ಎಲ್ಲವನ್ನೂ ಎರಡೆರಡು ಸಲ ಮಾಡಿದೆ. ಆಮೇಲೆ ಪುಲ್ಲಿಯನ್ನು ಗಡಿಯಾರಕ್ಕೆ ವಿರುದ್ಧವಾಗಿ ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು, ಹೀಗೇ ಮೂರು, ನಾಲ್ಕು.

ಸದ್ದಿಗೆ ಅಷ್ಟೊಂದು ಹೆದರಬೇಡಿ. ಸದ್ದೇ ಇಲ್ಲದ ಬಿಗಿ ವಾಲ್ವ್ ಹೆಚ್ಚು ಅಪಾಯ: ಸರಿಯಾಗಿ ಕೂರದೆ, ಬಿಸಿ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವನ್ನು ಎರಡು ಸಲ ನೋಡಿ, ಹಳೆಯ ಇಂಜಿನ್‌ಗಳಲ್ಲಿ ಆಯಿಲ್ ಕೂಲರ್ ಅಡ್ಡವಿದ್ದು ಅದಕ್ಕೆ ಗಾಳಿ ಕಡಿಮೆ.

ವಾಲ್ವ್ ಮುಚ್ಚಳ ಮತ್ತೆ ಹಾಕುವಾಗ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿ. ಹಳೆಯದು ಹಾಕಿದರೆ ಕಣದ ತುಂಬ ಆಯಿಲ್, ಮನೆಯವರ ಬೈಗುಳ ಬೇರೆ.