ಬೇರೆಯವರ ಫೋನಿನಲ್ಲಿ ತೆರೆದುಕೊಳ್ಳುವ ನಿಮ್ಮ ವೆಬ್‌ಸೈಟ್

ಪ್ರಶ್ನೆ: ಸರ್, ನಾನು ಆಪ್ತ ಸಮಾಲೋಚಕಿ. ಸೈಕಾಲಜಿಯಲ್ಲಿ ಎಂ.ಎಸ್ಸಿ. ಆಗಿದೆ. ಆರು ವರ್ಷ ಬೇರೆಯವರ ಕೈಕೆಳಗೆ ದುಡಿದು, ಈ ಯುಗಾದಿಗೆ ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಪ್ರಾಕ್ಟೀಸ್ ಶುರು ಮಾಡಿದ್ದೇನೆ. ವೆಬ್‌ಸೈಟ್ ಬೇಕು. ಒಬ್ಬರು 60 ಸಾವಿರ ಕೇಳಿದರು. ಚಾಟ್, ಆನ್‌ಲೈನ್ ಟೆಸ್ಟ್, ಗುಣವಾದವರ ವಿಡಿಯೊ ಎಲ್ಲಾ ಹಾಕಿಕೊಡುತ್ತಾರಂತೆ. ಇನ್ನೊಬ್ಬರು 8 ಸಾವಿರಕ್ಕೆ ಮುಗಿಸ್ತೀನಿ ಅಂತಾರೆ. ಯಾರಿಗೆ ಕೊಡಲಿ? ಸೈಟಿನಲ್ಲಿ ಏನೇನಿರಬೇಕು?
– ಹೆಸರು ಹಾಕಬೇಡಿ, ಬಳ್ಳಾರಿ

ಉತ್ತರ: ಮೇಡಂ, ವೆಬ್‌ಸೈಟ್ ಬಗ್ಗೆ ಕೇಳಲಿಕ್ಕೇ ನೀವು ‘ಹೆಸರು ಹಾಕಬೇಡಿ’ ಎಂದಿರಿ. ನಿಮ್ಮ ಬಳಿ ಬರುವವರಿಗೆ ಈ ಅಂಜಿಕೆ ಹತ್ತು ಪಟ್ಟು. ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ ಅಲ್ಲಿನ ಮಾನಸಿಕ ಆಸ್ಪತ್ರೆ ನೆನೆದು ‘ಧಾರವಾಡಕ್ಕೆ ಕಳಸ್ರಿ ಇವನ್ನ’ ಅಂತ ನಗುವ ಜನ ಇನ್ನೂ ಇದ್ದಾರೆ. ನಿಮ್ಮ ಸೈಟನ್ನು ಮೊದಲು ತೆರೆಯುವವರು ಬಹುಶಃ ರಾತ್ರಿ ಹನ್ನೊಂದರ ಮೇಲೆ, ಗಂಡನದೋ ಅಣ್ಣನದೋ ಫೋನಿನಲ್ಲಿ, ಬ್ರೈಟ್‌ನೆಸ್ ಇಳಿಸಿಕೊಂಡು ತೆರೆಯುತ್ತಾರೆ. ಆ ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಂಡರೆ 60 ಸಾವಿರದ ಪಟ್ಟಿಯಲ್ಲಿ ಮುಕ್ಕಾಲು ಪಾಲು ಬಿದ್ದುಹೋಗುತ್ತದೆ. ಅವರಿಗೆ ನೀವು ಹೆಚ್ಚು ಹೇಳಬೇಕು, ಅವರಿಂದ ಕಡಿಮೆ ಕೇಳಬೇಕು.

ಕೇಳುವುದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನೇ ಇಲ್ಲಿ ಒಮ್ಮೆ ತಪ್ಪಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಕ್ಲಿನಿಕ್‌ಗೆ ಸೈಟ್ ಮಾಡಿದಾಗ ಫಾರ್ಮ್‌ನಲ್ಲಿ ‘ನಿಮ್ಮ ಸಮಸ್ಯೆಯನ್ನು ವಿವರಿಸಿ’ ಎಂಬ ದೊಡ್ಡ ಡಬ್ಬಿ ಇಟ್ಟಿದ್ದೆ. ಬಂದದ್ದೆಲ್ಲ ಒಂದೇ ಇಮೇಲ್‌ಗೆ ಹೋಗುತ್ತಿತ್ತು; ಅದರ ಪಾಸ್‌ವರ್ಡ್ ರಿಸೆಪ್ಷನ್ ಹುಡುಗನ ಹತ್ತಿರವೂ ಇತ್ತು, ನನ್ನ ಹತ್ತಿರವೂ ಇತ್ತು. ಒಂದು ದಿನ ಫಾರ್ಮ್ ಸರಿಯಾಗಿ ಹೋಗುತ್ತಿದೆಯೋ ನೋಡಲು ಇಮೇಲ್ ತೆರೆದರೆ, ರಾತ್ರಿ ಒಂದೂವರೆಗೆ ಒಬ್ಬ ಹೆಣ್ಣುಮಗಳು ಬರೆದ ಎರಡು ಪುಟದಷ್ಟು ಮಾತು. ಮೊದಲ ಎರಡು ಸಾಲು ಓದುವಷ್ಟರಲ್ಲಿ ಅದು ನಮ್ಮ ಓಣಿಯದೇ ಮನೆ ಎಂದು ಗೊತ್ತಾಯಿತು. ಲ್ಯಾಪ್‌ಟಾಪ್ ಮುಚ್ಚಿದೆ. ಅವತ್ತೇ ಆ ಡಬ್ಬಿ ಕಿತ್ತು ಹಾಕಿದೆ.

ಹಾಗಾಗಿ ನಿಮ್ಮ ಫಾರ್ಮ್‌ನಲ್ಲಿ ಕರೆಯಬೇಕಾದ ಹೆಸರು (ನಿಜದ ಹೆಸರೇ ಆಗಬೇಕಿಲ್ಲ), ಫೋನ್ ನಂಬರ್ ಮತ್ತು ಯಾವ ಹೊತ್ತಿಗೆ ಕರೆ ಮಾಡಬಹುದು ಎಂಬುದು ಇದ್ದರೆ ಸಾಕು. ಇವುಗಳ ಜೊತೆಗೆ ಯಾವ ಡಿಸೈನರೂ ಇಡದ ಒಂದು ಪ್ರಶ್ನೆ ಇರಲಿ: ‘ಈ ಫೋನನ್ನು ಬೇರೆ ಯಾರಾದರೂ ಎತ್ತುತ್ತಾರೆಯೇ? ಎತ್ತಿದರೆ ನಾವು ಏನೆಂದು ಹೇಳಬೇಕು?’ ಕಾಯಿಲೆ, ಕಾರಣ, ಹಳೆಯ ಔಷಧಿ ಚೀಟಿ ಎಲ್ಲವೂ ಕೋಣೆಯೊಳಗೆ ಕೂತ ಮೇಲೆ. ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಎನ್ನುವುದು ಹಕ್ಕು. ಕಂಪ್ಯೂಟರಿನಲ್ಲಿ, ಆನ್‌ಲೈನಿನಲ್ಲಿ ಇಟ್ಟ ಮಾಹಿತಿಗೂ ಅದು ಅನ್ವಯಿಸುತ್ತದೆ ಎಂದು 24ನೇ ಸೆಕ್ಷನ್ ಬಿಡಿಸಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ, ಯಾವ ಮಾಹಿತಿಯನ್ನು ಯಾತಕ್ಕೆ ತೆಗೆದುಕೊಳ್ಳುತ್ತೀರಿ ಎಂಬ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ. ಕನ್ನಡ, ತೆಲುಗು, ಉರ್ದು ಮೂರೂ ಅದರಲ್ಲಿವೆ. ಬಳ್ಳಾರಿಗೆ ಬೇಕಾದವೂ ಅವೇ.

ಫೇಸ್‌ಬುಕ್ ಜಾಹೀರಾತಿಗೆಂದು ಸೈಟಿನೊಳಗೆ ಸೇರಿಸುವ ‘ಪಿಕ್ಸೆಲ್’ ಬೇಡವೇ ಬೇಡ. ಯಾರು ಯಾವ ಪುಟ ನೋಡಿದರು ಎಂಬುದನ್ನು ಅದು ಜಾಹೀರಾತು ಕಂಪನಿಗೆ ಮುಟ್ಟಿಸುತ್ತದೆ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಥೆರಪಿ ಕಂಪನಿಯ ಮೇಲೆ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪ ಬಂತು. 2023ರಲ್ಲಿ ಅದು 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಇನ್ನು ಹೇಳುವುದು. ನೀವು ಯಾರು, ಏನು ಓದಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹಾಕಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬರೆಯಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮತ್ತು ಅದರ ನೋಂದಣಿ ಬೇಕು. ಬರೀ ಎಂ.ಎಸ್ಸಿ. ಇದ್ದರೆ ‘ಆಪ್ತ ಸಮಾಲೋಚಕಿ’ ಎಂದೇ ಬರೆಯಿರಿ, ಅದರಲ್ಲಿ ಸಣ್ಣತನವೇನಿಲ್ಲ. ‘ನಾನು ಮಾತ್ರೆ ಬರೆದುಕೊಡುವುದಿಲ್ಲ, ಬೇಕಾದರೆ ಮನೋವೈದ್ಯರ ಬಳಿ ಕಳಿಸುತ್ತೇನೆ’ ಎಂಬ ಸಾಲೂ ಇರಲಿ. ಡಿಸೈನರ್ ಹುಡುಗರು ಹುರುಪಿನಲ್ಲಿ ಹೆಸರಿನ ಹಿಂದೆ ‘ಡಾ.’ ಸೇರಿಸಿಬಿಡುತ್ತಾರೆ, ಎರಡು ಸಲ ನೋಡಿ.

ಫೀಸು ಬರೆಯಿರಿ. ‘ಸಂಪರ್ಕಿಸಿ’ ಎಂದಷ್ಟೇ ಹಾಕಿದರೆ, ‘ಎಷ್ಟ್ ತಗಂತಾರೋ ಏನೋ’ ಎಂದು ಅಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಮೊದಲ ಭೇಟಿ ಎಷ್ಟು ನಿಮಿಷ, ಎಷ್ಟು ರೂಪಾಯಿ, ಬಾಗಿಲಲ್ಲಿ ಯಾರಿರುತ್ತಾರೆ, ಮೆಟ್ಟಿಲು ಯಾವ ಕಡೆ, ಹೊರಗೆ ಕಾಯುವಾಗ ಬೇರೆಯವರ ಕಣ್ಣಿಗೆ ಬೀಳುತ್ತಾರಾ, ಇದೆಲ್ಲ ಅವರಿಗೆ ನಿಮ್ಮ ಡಿಗ್ರಿಗಿಂತ ಮುಖ್ಯ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರಿಗೂ ಜೀನ್ಸ್ ಹೊಲಿಯುವವರಿಗೂ ಹತ್ತರಿಂದ ಐದರ ಹೊತ್ತು ಆಗಿಬರುವುದಿಲ್ಲ. ಸಂಜೆ, ಭಾನುವಾರ ಸಿಗುತ್ತೀರಾದರೆ ಮೇಲೆಯೇ ಹಾಕಿ.

ಭಾಷೆಯ ವಿಷಯದಲ್ಲಿ ಸ್ವಲ್ಪ ಜಗಳ ಮಾಡಿಯಾದರೂ ಸರಿ, ನಿಮ್ಮ ಮಾತೇ ನಡೆಯಲಿ. ‘ಆತಂಕದ ಅಸ್ವಸ್ಥತೆ’, ‘ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ’ ಎಂದು ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ. ನಿಮ್ಮೆದುರು ಕೂತವರು ‘ನಿದ್ದಿ ಬರವಲ್ದು ರೀ’, ‘ಎದಿ ಡವಡವ ಅಂತದ’, ‘ಮನ್ಯಾಗ ಕುಡಿಯೋದು ಜಾಸ್ತಿ ಆಗ್ಯದ’ ಅನ್ನುತ್ತಾರೆ. ಆ ಮಾತುಗಳನ್ನೇ ತಲೆಬರಹ ಮಾಡಿ. ಆದರೆ ಪುಟದ ಟೈಟಲ್, ಅಂದರೆ ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುವ ಹೆಸರು, ಮೆತ್ತಗಿರಲಿ. ‘ಮಾನಸಿಕ ರೋಗ ಚಿಕಿತ್ಸೆ’ ಎಂದು ಅಲ್ಲಿ ಕಂಡರೆ ಮರುದಿನ ಮನೆಯಲ್ಲಿ ಪಂಚಾಯಿತಿ.

ತಲೆ ಹಿಡಿದು ಕೂತ ಬಿಳಿ ಹೆಂಗಸಿನ ಫೋಟೊ ಬಿಟ್ಟುಬಿಡಿ. ನಿಮ್ಮ ಕೋಣೆಯದೇ ಹಾಕಿ: ಎರಡು ಕುರ್ಚಿ, ನೀರಿನ ತಂಬಿಗೆ, ಕಿಟಕಿಯಾಚೆ ಕೋಟೆ ಗುಡ್ಡ ಕಂಡರೆ ಕಾಣಲಿ.

ಗುಣವಾದವರ ವಿಡಿಯೊ ಬೇಡ. ನಿಮ್ಮ ಋಣಕ್ಕೆ ಕಟ್ಟುಬಿದ್ದು ‘ಹೂಂ’ ಅಂದವರು ಹುಡುಗಿ ನೋಡುವ ಹೊತ್ತಿಗೆ ‘ತೆಗೆಯಿರಿ ಮೇಡಂ’ ಎಂದು ಬರುತ್ತಾರೆ, ಅಷ್ಟರಲ್ಲಿ ಅದು ವಾಟ್ಸಾಪ್‌ನಲ್ಲಿ ಊರು ಸುತ್ತಿರುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು ಬೈದರೆ, ‘ನೀವು ಕಳೆದ ತಿಂಗಳು ಬಂದಾಗ…’ ಎಂದು ಉತ್ತರ ಬರೆಯಲು ಕೈ ತುರಿಸುತ್ತದೆ. ಬರೆದರೆ ಅವರು ನಿಮ್ಮಲ್ಲಿಗೆ ಬಂದಿದ್ದರೆಂದು ನೀವೇ ಸಾರಿದಂತೆ. ಸುಮ್ಮನಿರಿ.

ಆನ್‌ಲೈನ್ ಟೆಸ್ಟೂ ಚಾಟೂ ಬೇಡ. ರಾತ್ರಿ ಎರಡಕ್ಕೆ ಯಾರಾದರೂ ‘ಬದುಕಿ ಏನು ಮಾಡಲಿ’ ಎಂದು ಚಾಟ್‌ನಲ್ಲಿ ಬರೆದರೆ ನೋಡುವವರು ಯಾರು? ಅದರ ಬದಲು ಪ್ರತಿ ಪುಟದಲ್ಲೂ ಟೆಲಿ-ಮಾನಸ್ ನಂಬರ್ 14416 ದಪ್ಪಕ್ಷರದಲ್ಲಿ ಇರಲಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

8 ಸಾವಿರದವರಿಗೇ ಕೊಡಿ, ಒಂದು ಷರತ್ತಿನ ಮೇಲೆ: ಡೊಮೈನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಕಾರ್ಡಿನಿಂದಲೇ ಕೊಳ್ಳಬೇಕು. ಡಿಸೈನರ್ ತನ್ನ ಹೆಸರಿನಲ್ಲಿ ಕೊಂಡು, ಆಮೇಲೆ ಬೆಂಗಳೂರು ಸೇರಿ ಫೋನ್ ಎತ್ತದೇ ಹೋದ ಕಥೆಗಳು ನನ್ನ ಬಳಿ ಬೇಕಾದಷ್ಟಿವೆ. ಸೈಟಿನ ವಿಳಾಸ ಸುರಕ್ಷಿತ ‘https’ ಎಂದು ಶುರುವಾಗಲು ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ, ಅದಕ್ಕೆಂದು ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ಅಂದಹಾಗೆ, ‘ನಮ್ಮ ಬಗ್ಗೆ’ ಪುಟಕ್ಕೆ ನಿಮ್ಮ ಊರಿನದೇ ಒಂದು ಸಂಗತಿ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೇ ಎಂದು ಇಡೀ ಜಿಲ್ಲೆಯ ಮಟ್ಟದಲ್ಲಿ ಮಾಡಿ ನೋಡಿದ್ದು ಬಳ್ಳಾರಿಯಲ್ಲೇ. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಧಾರವಾಡದ ಜೋಕು ಹೊಡೆಯುವವರಿಗೆ ಎರಡು ಸಾಲಿನಲ್ಲಿ ಇದನ್ನು ಹೇಳಿಬಿಡಿ.

ಪ್ರಶ್ನೆ: ನನ್ನ ಕ್ಲಿನಿಕ್ ಸೈಟಿನ ಕನ್ನಡ ಫೋನಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ. ಡಿಟಿಪಿಯವರು ‘ನಮ್ಮಲ್ಲಿ ಸರಿಯಿದೆ’ ಅಂತಾರೆ.
– ಓದುಗರು, ರಾಯಚೂರು

ಉತ್ತರ: ಅವರ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಇದೆ, ನಿಮ್ಮ ರೋಗಿಗಳ ಫೋನಿನಲ್ಲಿ ಇಲ್ಲ, ಅಷ್ಟೇ. ಎಲ್ಲ ಫೋನುಗಳಲ್ಲೂ ಸರಿಯಾಗಿ ಕಾಣುವ ಯುನಿಕೋಡ್‌ಗೆ ಪರಿವರ್ತಿಸಿ ಕೊಡಿ ಎಂದು ಕೇಳಿ, ಒಂದು ಗಂಟೆಯ ಕೆಲಸ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಕೂತು ಓದಿ ತಿದ್ದಿ. ‘ಹಂಗಾದ್ರ ಫೋಟೊ ಮಾಡಿ ಹಾಕ್ತೀವಿ’ ಅಂದರೆ ಒಪ್ಪಬೇಡಿ. ಫೋಟೊದೊಳಗಿನ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ.