ಸಿಆರ್‌ಪಿ 6.8 ಬಂದರೆ ಮೂರನೆಯ ಐವಿಎಫ್ ಮುಂದೂಡಬೇಕೇ?

ಮೊದಲು ಸಿಆರ್‌ಪಿಯ, ಅಂದರೆ ದೇಹದಲ್ಲಿ ಉರಿಯೂತ ಇದೆಯೇ ಎಂದು ನೋಡುವ ರಕ್ತಪರೀಕ್ಷೆಯ, ಎರಡೂ ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಅಂಕಿಯ ಬಲಗಡೆ ಸಣ್ಣಕ್ಷರದಲ್ಲಿರುವ ಅಳತೆಯನ್ನು ಓದಿ. ಮಾರ್ಚ್‌ನಲ್ಲಿ ಕುಮಟಾದಲ್ಲಿ ಮಾಡಿಸಿದಾಗ ನಿಮ್ಮ ಮನೆಯವರ, ಅಂದರೆ ಹೆಂಡತಿಯ, ಸಿಆರ್‌ಪಿ 0.7 ಇತ್ತು, ಜೂನ್‌ನಲ್ಲಿ ಹುಬ್ಬಳ್ಳಿಯಲ್ಲಿ ಭ್ರೂಣ ಇಡುವ ವಾರ 6.8 ಆಯಿತು, ಮೂರು ತಿಂಗಳಲ್ಲಿ ಹತ್ತು ಪಟ್ಟು ಏರಿದ್ದರಿಂದಲೇ ಎರಡನೆಯ ಐವಿಎಫ್ ಕೂಡ ಕೈಕೊಟ್ಟಿತು ಎಂದು ಬರೆದು, ಮೂರನೆಯದನ್ನು ಮುಂದೂಡಬೇಕೇ ಎಂದು ಕೇಳಿದ್ದೀರಿ. ಮಾರ್ಚ್ ರಿಪೋರ್ಟಿನಲ್ಲಿ ಸಾಮಾನ್ಯ ಮಿತಿ 0.5ರ ಒಳಗೆ ಎಂದಿದೆ ಎಂದೂ ನೀವೇ ತಿಳಿಸಿದ್ದೀರಿ. ಹಾಗಿದ್ದರೆ ಅದು ಒಂದು ಡೆಸಿಲೀಟರಿನ ಲೆಕ್ಕ. ಹುಬ್ಬಳ್ಳಿಯದು ಲೀಟರಿನ ಲೆಕ್ಕ. ಡೆಸಿಲೀಟರಿಗೆ 0.7 ಮಿಲಿಗ್ರಾಂ ಎಂದರೆ ಲೀಟರಿಗೆ 7. ಏನೂ ಏರಿಲ್ಲ. ಅಳತೆ ಬದಲಾಗಿದೆ, ರಕ್ತ ಬದಲಾಗಿಲ್ಲ.

ನಾನು ವೈದ್ಯೆಯಲ್ಲ. ಶಿರಸಿಯ ಒಂದು ಲ್ಯಾಬ್‌ನಲ್ಲಿ ಹನ್ನೆರಡು ವರ್ಷಗಳಿಂದ ಟೆಕ್ನಿಷಿಯನ್. ಐವಿಎಫ್ ಮಾಡಿಸಿಕೊಂಡವಳೂ ಹೌದು. ನಿಮ್ಮ ಪ್ರಶ್ನೆ ಓದಿದ ಮೇಲೆ ಉತ್ತರಿಸದೆ ಇರಲು ಆಗಲಿಲ್ಲ, ಏಕೆಂದರೆ ಇದೇ ಅಂಕಿಯ ಭಯ ನನ್ನ ಒಂದು ವರ್ಷವನ್ನು ತಿಂದುಹಾಕಿದೆ.

2019ರಲ್ಲಿ ನನ್ನ ಮೊದಲ ಚಿಕಿತ್ಸೆ. ಅಂಡಾಣು ತೆಗೆದ ಮೂರನೆಯ ದಿನ ಕೆಲಸಕ್ಕೆ ಹೋದೆ. ಯಾರೂ ಹೇಳಿರಲಿಲ್ಲ, ಆದರೂ ಸಹೋದ್ಯೋಗಿಯ ಕೈಯಲ್ಲಿ ರಕ್ತ ತೆಗೆಸಿ ನಮ್ಮದೇ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ 14 ಎಂದು ಮೂಡಿತು. ಎರಡು ದಿನ ಬಿಟ್ಟು ಭ್ರೂಣ ಇಡುವುದಿತ್ತು, ಆ ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಗರ್ಭ ನಿಲ್ಲಲಿಲ್ಲ. ನನ್ನ ಮೈಯ ಉರಿಯೂತವೇ ಭ್ರೂಣವನ್ನು ಸುಟ್ಟಿತು ಎಂದು ನಂಬಿ ಒಂದು ವರ್ಷ ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ. ಅಂಡಾಶಯಕ್ಕೆ ಸೂಜಿ ಚುಚ್ಚಿ ಬಂದ ಮೂರನೆಯ ದಿನ ಯಾರ ರಕ್ತದಲ್ಲಾದರೂ ಸಿಆರ್‌ಪಿ ಏರಿಯೇ ಇರುತ್ತದೆ ಎಂಬುದು, ದಿನವೂ ಈ ಪರೀಕ್ಷೆ ಮಾಡುವ ನನಗೇ ಆಗ ಹೊಳೆಯಲಿಲ್ಲ.

ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ. ದೇಹದ ಯಾವ ಮೂಲೆಯಲ್ಲಿ ಗಾಯ, ಸೋಂಕು, ಊತ ಇದ್ದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಅಲ್ಲಿಗೆ ತಲುಪುತ್ತದೆ, ಯಕೃತ್ತು ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಬೆಂಕಿ ಬಿದ್ದಿದೆ ಎಂದು ಅದು ಕೂಗಬಲ್ಲದು, ಯಾರ ಮನೆಗೆ ಎಂದು ಹೇಳಲಾರದು. ಕಾರಣ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ನೆಗಡಿಯ ವಾರ ಒಂದು ಅಂಕಿ, ಹದಿನೈದು ದಿನದ ಮೇಲೆ ಇನ್ನೊಂದು. ಹಾಗಾಗಿ ಆರೋಗ್ಯವಾಗಿದ್ದಾಗ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ, ಒಂದೇ ಲ್ಯಾಬ್‌ನಲ್ಲಿ, ಸಣ್ಣ ಪ್ರಮಾಣವನ್ನೂ ಅಳೆಯುವ ಹೈ ಸೆನ್ಸಿಟಿವಿಟಿ ಸಿಆರ್‌ಪಿಯನ್ನೇ ಕೇಳಿ ಮಾಡಿಸಿ. ಲೀಟರಿಗೆ 10 ದಾಟಿದರೆ ಸೋಂಕು ಇದೆಯೇ ಎಂದು ಹುಡುಕುತ್ತಾರೆ. 3ರಿಂದ 10ರ ನಡುವೆ ಬಂದರೆ ಸಣ್ಣಗೆ ಹೊಗೆಯಾಡುವ ಏನೋ ಇದೆ ಎಂದರ್ಥ. ಹೆಚ್ಚಿನವರಲ್ಲಿ ಅದಕ್ಕೆ ತೂಕವೇ ಕಾರಣ.

ಇನ್ನೊಂದು ವಿಷಯವನ್ನು ಆಸ್ಪತ್ರೆಯಲ್ಲಿ ಬಿಡಿಸಿ ಹೇಳುವವರು ಕಡಿಮೆ. ಘನೀಕರಿಸಿಟ್ಟ ಭ್ರೂಣವನ್ನು ಇಡುವ ಮೊದಲು ಗರ್ಭಕೋಶದ ಒಳಪದರ ದಪ್ಪವಾಗಲು ಈಸ್ಟ್ರೊಜೆನ್ ಮಾತ್ರೆ ಕೊಡುತ್ತಾರೆ. ನುಂಗಿದ ಮಾತ್ರೆ ಮೊದಲು ಯಕೃತ್ತನ್ನೇ ಹಾಯ್ದು ಹೋಗುವುದರಿಂದ, ಎಲ್ಲಿಯೂ ಉರಿಯೂತವಿಲ್ಲದಿದ್ದರೂ ಸಿಆರ್‌ಪಿ ಏರುತ್ತದೆ. ಜೂನ್‌ನಲ್ಲಿ ರಕ್ತ ಕೊಟ್ಟಾಗ ನಿಮ್ಮ ಮನೆಯವರು ಆ ಮಾತ್ರೆ ನುಂಗುತ್ತಿದ್ದರೇ, ನೆನಪು ಮಾಡಿಕೊಳ್ಳಿ.

ಉರಿಯೂತದ ಇನ್ನೊಂದು ರಕ್ತಪರೀಕ್ಷೆಯಾದ ಇಎಸ್‌ಆರ್ 38 ಬಂದಿದೆ ಎಂದು ಹೆದರಿದ್ದೀರಿ. ಆ ಪರೀಕ್ಷೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಸಿಟ್ರೇಟ್ ಬೆರೆಸಿದ ರಕ್ತವನ್ನು ಸಪೂರ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುತ್ತೇವೆ, ಗಡಿಯಾರ ನೋಡಿ ಒಂದು ಗಂಟೆ ಮುಟ್ಟದೆ ಬಿಡುತ್ತೇವೆ. ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದರ ಎತ್ತರ ಎಷ್ಟು ಮಿಲಿಮೀಟರೋ ಅಷ್ಟೇ ಇಎಸ್‌ಆರ್. ಕೊಳವೆ ಕೊಂಚ ವಾಲಿದರೂ ಅಂಕಿ ಏರುತ್ತದೆ. ರಕ್ತಹೀನತೆ ಇದ್ದರೂ ಕಣಗಳು ಬೇಗ ಇಳಿಯುತ್ತವೆ. ನಿಮ್ಮ ಮನೆಯವರ ಹಿಮೋಗ್ಲೋಬಿನ್ 9.2 ಎಂಬುದನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ನನ್ನ ಕಣ್ಣು ಮೊದಲು ಹೋದದ್ದು ಅದಕ್ಕೇ. ಗರ್ಭ ಧರಿಸಲು ಹೊರಟವರಿಗೆ 9.2 ಸಾಲದು. ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಉರಿಯೂತವಿದ್ದರೆ ಫೆರಿಟಿನ್ ಕೂಡ ಹುಸಿಯಾಗಿ ಮೇಲೆ ನಿಲ್ಲುತ್ತದೆ, ಆದ್ದರಿಂದ ಅದನ್ನು ಸಿಆರ್‌ಪಿಯ ಜೊತೆಗೇ ಓದುವಂತೆ ವೈದ್ಯರನ್ನು ಕೇಳಿ.

ಇನ್ನು ನಿಮ್ಮ ಮೂಲ ಪ್ರಶ್ನೆ. ಸಿಆರ್‌ಪಿ ಹೆಚ್ಚಿದ್ದವರಲ್ಲಿ ಐವಿಎಫ್ ಕಡಿಮೆ ಫಲಿಸಿತು ಎಂದ ಅಧ್ಯಯನಗಳೂ ಇವೆ, ವ್ಯತ್ಯಾಸವೇ ಕಾಣಲಿಲ್ಲ ಎಂದವೂ ಇವೆ. ನ್ಯೂಟ್ರೊಫಿಲ್ ಮತ್ತು ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತದ ಕಥೆಯೂ ಅಷ್ಟೇ. ಈ ಅಂಕಿ ದಾಟಿದರೆ ಭ್ರೂಣ ಇಡಬಾರದು ಎಂದು ಎಲ್ಲರೂ ಒಪ್ಪಿದ ಗೆರೆ ಇಲ್ಲ. ಅಮೆರಿಕದಲ್ಲಿ ಒಂದೆರಡು ಬಾರಿ ಗರ್ಭ ಕಳೆದುಕೊಂಡಿದ್ದ 1,228 ಮಹಿಳೆಯರ ಮೇಲೆ ಕಡಿಮೆ ಪ್ರಮಾಣದ ಆಸ್ಪಿರಿನ್ ಪರೀಕ್ಷಿಸಿದ್ದರು. ಒಟ್ಟಾರೆ ಲಾಭ ಸ್ಪಷ್ಟವಾಗಲಿಲ್ಲ. ಸಿಆರ್‌ಪಿ ಹೆಚ್ಚಿದ್ದವರನ್ನು ಬೇರೆಯಾಗಿ ನೋಡಿದಾಗ ಪ್ರಯೋಜನ ಕಂಡಿತು. ಆದರೆ ಅವರು ಐವಿಎಫ್ ಮಾಡಿಸಿಕೊಂಡವರಲ್ಲ. ಅದನ್ನು ಎಲ್ಲೋ ಓದಿ ಅಂಗಡಿಯಿಂದ ಆಸ್ಪಿರಿನ್ ತರಬೇಡಿ. ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯನ್ನು ಉರಿಯೂತ ಇಳಿಯಲಿ ಎಂದು ನುಂಗುವುದಂತೂ ಬೇಡವೇ ಬೇಡ, ಅದು ಅಂಡಾಣು ಬಿಡುಗಡೆಗೇ ಅಡ್ಡಿಯಾಗಬಹುದು.

ಉರಿಯೂತವನ್ನು ಪೂರ್ತಿ ಆರಿಸಿಬಿಡಬೇಕು ಎಂಬುದೂ ತಪ್ಪು ತಿಳಿವಳಿಕೆ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿ ಒಳಗಿಳಿಯುವುದಕ್ಕೆ ಹದವಾದ ಉರಿಯೂತ ಬೇಕೇ ಬೇಕು. ಎಲ್‌ಐಎಫ್ ಎಂಬ ಅಂಥದೊಂದು ಸಂದೇಶ ಪ್ರೋಟೀನು ಇಲ್ಲದ ಹೆಣ್ಣು ಇಲಿಗಳಲ್ಲಿ ಭ್ರೂಣ ಬೆಳೆದರೂ ಅಂಟುವುದಿಲ್ಲ ಎಂದು 1992ರಲ್ಲೇ ತೋರಿಸಿದ್ದಾರೆ. ನಿಮಗೆ ಯಾರೋ ಹೇಳಿದ ಎನ್‌ಕೆ ಎಂಬ ರೋಗನಿರೋಧಕ ಕಣಗಳ ರಕ್ತಪರೀಕ್ಷೆ, ಅವನ್ನು ತಗ್ಗಿಸಲೆಂದು ಕೊಡುವ ಇಂಟ್ರಾಲಿಪಿಡ್ ಎಂಬ ಕೊಬ್ಬಿನ ಡ್ರಿಪ್‌ಗಳ ಬಗ್ಗೆ ನನ್ನ ತಕರಾರು ಇಲ್ಲಿಯೇ. ರಕ್ತದಲ್ಲಿರುವ ಎನ್‌ಕೆ ಕಣಗಳೂ ಗರ್ಭಕೋಶದಲ್ಲಿರುವವೂ ಒಂದೇ ಬಗೆಯವಲ್ಲ. ಯುರೋಪಿನ ಸಂತಾನ ತಜ್ಞರ ಸಂಘವಾದ ಈಶ್ರೆ 2023ರ ಶಿಫಾರಸುಗಳಲ್ಲಿ ಇವನ್ನು ವಾಡಿಕೆಯಾಗಿ ಮಾಡಬಾರದು ಎಂದಿದೆ. ಆ ಹಣವನ್ನು ಉಳಿಸಿಕೊಳ್ಳಿ.

ಹೊಗೆ ಎಲ್ಲಿಂದ ಎಂದು ಹುಡುಕುವುದು ಮಾತ್ರ ಸಾರ್ಥಕ ಕೆಲಸ. ಬಾಯಿಯಿಂದ ಶುರು ಮಾಡಿ. ವಸಡಿನ ದೀರ್ಘಕಾಲದ ಸೋಂಕು ಸಿಆರ್‌ಪಿ ಏರಿಸುತ್ತದೆ, ನಮ್ಮ ಕಡೆ ಊಟವಾದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ತಬಕು ಮುಂದೆ ಬಾರದ ಮನೆ ಯಾವುದಿದೆ? ನನ್ನ ವಸಡುಗಳನ್ನು ನೋಡಿದ ದಂತವೈದ್ಯರು ಏನೂ ಹೇಳದೆ ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ಬುಡದಲ್ಲಿ ಸುಣ್ಣ ಗಟ್ಟಿಯಾದಂತೆ ಕಂದು ಪದರ, ಒತ್ತಿದರೆ ರಕ್ತ. ಎರಡು ಸಲ ಶುಚಿ ಮಾಡಿಸಿಕೊಂಡೆ, ಕವಳ ಬಿಟ್ಟೆ. ಎರಡನೆಯ ಬಾರಿಗೆ ಗರ್ಭ ನಿಂತಿತು, ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ವಸಡು ಸರಿಯಾದದ್ದಕ್ಕೇ ಮಗು ಆಯಿತು ಎಂದು ನಾನು ಹೇಳಲಾರೆ. ಆ ಬಾರಿ ಸಿಆರ್‌ಪಿಯನ್ನು ನಾನು ಮಾಡಿಸಲೇ ಇಲ್ಲ.

ಗರ್ಭಕೋಶದ ಒಳಪದರದಲ್ಲೇ ಅಡಗಿರುವ ದೀರ್ಘಕಾಲದ ಉರಿಯೂತ ರಕ್ತದಲ್ಲಿ ಸಿಗುವುದಿಲ್ಲ. ಒಳಪದರದ ಚೂರು ತೆಗೆದು ಪ್ಲಾಸ್ಮಾ ಕಣ ಎಂಬ ರೋಗನಿರೋಧಕ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದ್ದರೆ ಸಾಮಾನ್ಯವಾಗಿ ಎರಡು ವಾರಗಳ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಜನನಾಂಗದ ಕ್ಷಯವೂ ಹಾಗೆಯೇ, ಇಎಸ್‌ಆರ್ ಸರಿಯಿದೆ ಎಂದು ಅದನ್ನು ತಳ್ಳಿಹಾಕುವಂತಿಲ್ಲ. ಎರಡು ಬಾರಿ ವಿಫಲವಾದವರು ಕೇಳಬೇಕಾದ ಪ್ರಶ್ನೆಗಳು ಇವು. ಮುಟ್ಟಿನ ನೋವು ವಿಪರೀತವಾಗಿದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಯ ಬಗ್ಗೆಯೂ ಕೇಳಿ.

ನಿಮ್ಮ ತಾಯಿ ನಂಜು ಎಂದು ಬಂಗಡೆ, ಬದನೆ, ಹಲಸು ಎಲ್ಲವನ್ನೂ ನಿಲ್ಲಿಸಿದ್ದಾರೆ ಎಂದಿರಿ. ಅವರ ಕಾಳಜಿಗೆ ನನ್ನ ಗೌರವವಿದೆ. ಆದರೆ ಹಿಮೋಗ್ಲೋಬಿನ್ 9.2 ಇರುವ ಹೆಣ್ಣುಮಗಳ ಊಟದಿಂದ ಮೀನು ತೆಗೆಯಬೇಡಿ. ಬಂಗಡೆಯ ಒಮೆಗಾ-3 ಕೊಬ್ಬು ಉರಿಯೂತ ತಗ್ಗಿಸುವ ಪಕ್ಷದ್ದು, ಏರಿಸುವ ಪಕ್ಷದ್ದಲ್ಲ.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ವೀರ್ಯದ ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಲೆಕ್ಕ ನೋಡಿ. ಒಂದು ಮಿಲಿಲೀಟರಿಗೆ 10 ಲಕ್ಷ ದಾಟಿದ್ದರೆ ಅದೂ ಉರಿಯೂತದ ಗುರುತೇ. ತಂಬಾಕು ಹಾಕಿದ ಕವಳ ತಿನ್ನುವವರಾದರೆ ಇವತ್ತೇ ಬಿಡಿ.

ನಿಮ್ಮ ಮನೆಯವರಿಗೆ 36 ವರ್ಷ. ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ವಯಸ್ಸು ಮತ್ತು ಭ್ರೂಣದ ಗುಣ, ಸಿಆರ್‌ಪಿಯಲ್ಲ. ಆದ್ದರಿಂದ 6.8 ಎಂಬುದು 1 ಆಗಲಿ ಎಂದು ಕಾಯುತ್ತ ವರ್ಷ ಕಳೆಯಬೇಡಿ. ರಕ್ತಹೀನತೆ, ವಸಡು, ಒಳಪದರದ ಪರೀಕ್ಷೆ, ಈ ಮೂರಕ್ಕೆ ಎರಡು ಮೂರು ತಿಂಗಳು ಕೊಡಿ. ಮುಂದಿನ ಬಾರಿ ಹುಬ್ಬಳ್ಳಿಗೆ ಹೊರಡುವಾಗ ಎರಡು ಬಾರಿ ಇಟ್ಟ ಭ್ರೂಣಗಳು ಎಷ್ಟು ದಿನದವು, ಯಾವ ದರ್ಜೆಯವು ಎಂದು ಬರೆದಿರುವ ಕಾಗದವನ್ನು ಕೇಳಿ ತನ್ನಿ. ಅದನ್ನು ಇಲ್ಲಿ ಹಾಕಿದರೆ ನನಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.