ಹಳೆ ಸಿ90: ಓವರ್‌ಹಾಲೋ, ಹೊಸ ಎಂಜಿನ್ನೋ?

ನಮಸ್ಕಾರ ಸರ್. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಡೋಕೆ ಅಂತ ನೀವು ಕೊಳ್ಳೋಕೆ ನೋಡಿರೋ ಕಿಂಗ್ ಏರ್ ಸಿ90ಎ ಅನ್ನೋ ಎರಡು ಎಂಜಿನ್‌ನ ಸಣ್ಣ ವಿಮಾನಕ್ಕೆ ಎಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡೋ ಓವರ್‌ಹಾಲ್ ಹತ್ತಿರ ಬಂದಿದೆ, ಪಿಟಿ6ಎ-21 ಎಂಜಿನ್‌ಗಳನ್ನೇ ಉಳಿಸ್ಕೋಬೇಕಾ, ಅದೇ ಸರಣಿಯ ಹೆಚ್ಚು ಶಕ್ತಿಯ ಪಿಟಿ6ಎ-135ಎ ಹಾಕಿಸ್ಬೇಕಾ ಅಂತ ಕೇಳಿದ್ರಿ.

-135ಎ ಹಾಕಿದ್ರೂ ಈ ವಿಮಾನದಲ್ಲಿ ಮಿತಿ ಅದೇ 550 ಅಶ್ವಶಕ್ತಿ. ಆದ್ರೆ -21 ಮೇಲೇರಿದಂತೆ ತಾಪಮಾನದ ಗೆರೆ ಮುಟ್ಟಿ ಸೋಲುತ್ತೆ, -135ಎ ಆ ಶಕ್ತಿಯನ್ನ ಇನ್ನೂ ಎತ್ತರದವರೆಗೆ ಹಿಡಿದಿಡುತ್ತೆ. ದೆಹಲಿವರೆಗೆ ಹೋಗೋರಿಗೆ ಲಾಭ. ಬರೀ ಬೆಂಗಳೂರು, ಗೋವಾ ಅಂದ್ರೆ ಆ ದುಡ್ಡು ದಂಡ ಅನ್ನೋದು ನನ್ನ ಅಭಿಪ್ರಾಯ. ಹಾಕಿಸೋದೇ ಆದ್ರೆ ಆ ಮಾರ್ಪಾಡಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಮೊದಲು, ಮುಂಗಡ ಆಮೇಲೆ.

ಅದಕ್ಕೂ ಮುಂಚೆ ಬೋರೋಸ್ಕೋಪ್ (ಎಂಜಿನ್ ಒಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡೋ ಪರೀಕ್ಷೆ) ಮಾಡಿಸ್ರಿ. ಒಂದೊಂದು ಎಂಜಿನ್ನಲ್ಲಿ ಇಂಧನ ಸಿಂಪಡಿಸೋ 14 ನಾಝಲ್ ಇರ್ತಾವೆ. ಒಂದು ಕಟ್ಟಿಕೊಂಡು ಸಣ್ಣ ಧಾರೆಯಾಗಿ ಉಗುಳಿದ್ರೂ ಜ್ವಾಲೆ ಒಂದೇ ಕಡೆ ಬಡಿದು ಟರ್ಬೈನ್ ಮುಂದಿನ ವೇನ್ ರಿಂಗ್ (ಬಿಸಿ ಗಾಳಿಗೆ ದಿಕ್ಕು ಕೊಡೋ ರೆಕ್ಕೆಗಳ ಬಳೆ) ಸುಡುತ್ತೆ. ಅಲ್ಲಿ ಬಿರುಕು, ಕರಗಿದ ಅಂಚು ಕಂಡ್ರೆ ಬೆಲೆ ಇಳಿಸ್ರಿ, ಇಲ್ಲಾ ಎದ್ದು ಬರ್ರಿ.

ಬ್ಯಾಟರಿಯೂ ಮುಖ್ಯ. ಅದು ಸೊರಗಿದ್ರೆ ಎಂಜಿನ್ ನಿಧಾನ ತಿರುಗುತ್ತೆ, ಗಾಳಿ ಸಾಲದು, ಹಾಟ್ ಸ್ಟಾರ್ಟ್ ಆಗುತ್ತೆ, ಅಂದ್ರೆ ಸ್ಟಾರ್ಟ್ ಮಾಡುವಾಗ್ಲೇ ಎಂಜಿನ್ ತಾಪ ಮಿತಿ ಮೀರುತ್ತೆ. ಏಪ್ರಿಲ್, ಮೇ ಬಿಸಿಲಲ್ಲಿ ನೆಲದ ಪವರ್ ಯುನಿಟ್ ಹಚ್ಚಿಯೇ ಸ್ಟಾರ್ಟ್ ಮಾಡ್ರಿ. ಎನ್1 (ಎಂಜಿನ್ ಒಳಗಿನ ಕಂಪ್ರೆಸರ್ ತಿರುಗೋ ವೇಗ) ಕನಿಷ್ಠ 12 ಶೇಕಡಾ ದಾಟಿ ನಿಲ್ಲೋವರೆಗೂ ಇಂಧನ ಬಿಡಬ್ಯಾಡ್ರಿ.